ಔರಾದಿಗೆ ಮಷಿನ್ ನೋಡಲು ಹೋದದ್ದು

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ನಾನು ಅಂಗಡಿ ಹಾಕಿ ಎರಡು ವರ್ಷವಾಗಿತ್ತು. ಅಂಗಡಿಯೆಂದರೆ ಒಂದು ತಗಡಿನ ಮಾಡು, ಒಂದು ತಿದಿ, ಕಬ್ಬಿಣ ಬಡಿಯುವ ಒಂದು ಅಡಿಗಲ್ಲು, ಗೋಡೆಗೆ ತೂಗುಹಾಕಿದ ಹತ್ತಿಪ್ಪತ್ತು ಸಾಮಾನು, ಅಷ್ಟೇ. ಬಂಡಿಯ ಅಚ್ಚು, ಕಬ್ಬಿನ ಗಾಣದ ಬೋಲ್ಟು, ಬಾವಿಯ ಗಾಲಿ, ಸೈಕಲ್ಲು, ಬಂದದ್ದನ್ನೆಲ್ಲ ಮಾಡುತ್ತಿದ್ದೆ. ನನ್ನ ಕಷ್ಟವೆಲ್ಲ ತೂತಿನದು. ದಪ್ಪ ಪಟ್ಟಿಗೆ ತೂತು ಬೇಕೆಂದರೆ ಅದನ್ನು ಕೆಂಪಗೆ ಕಾಸಿ ಉಳಿ ಹೊಡೆದು ತೂರಿಸಬೇಕು, ಇಲ್ಲವೆ ಎದೆಗೆ ಒತ್ತಿ ಹಿಡಿದು ತಿರುಗಿಸುವ ಕೈಬರ್ಮಾದಿಂದ ಕೊರೆಯಬೇಕು. ಒತ್ತಿ ಒತ್ತಿ ನನ್ನ ಎದೆಯ ಮೇಲೆ ರೂಪಾಯಿ ಅಗಲದ ಕಪ್ಪು ಗುರುತು ಬಿದ್ದಿತ್ತು. ಅಷ್ಟು ಮಾಡಿದರೂ ತೂತು ಸೊಟ್ಟ. ಗಿರಾಕಿ ಬೋಲ್ಟನ್ನು ತೂರಿಸಲು ಹೋಗಿ, ಹೋಗದೆ, ನನ್ನ ಮುಖ ನೋಡುತ್ತಿದ್ದ.

ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷವಾಗಿದ್ದ ಕಾಲ ಅದು. ನಿಜಾಮರ ನಾಣ್ಯ ಇನ್ನೂ ಕೈಯಲ್ಲಿ ಓಡಾಡುತ್ತಿತ್ತು. ಕಚೇರಿಗಳ ಬೋರ್ಡುಗಳು ಇನ್ನೂ ಉರ್ದುವಿನಲ್ಲೇ ಇದ್ದವು. ಊರು ಶಾಂತವಾಗಿತ್ತು. ಆದರೆ ಯಾವ ಮನೆಯಲ್ಲಿ ಯಾರು ಉಳಿದಿದ್ದಾರೆ, ಯಾವ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ ಎಂಬುದನ್ನು ಜನ ಗಟ್ಟಿಯಾಗಿ ಕೇಳುತ್ತಿರಲಿಲ್ಲ.

ಒಂದು ದಿನ ಔರಾದಿನ ಬಂಡಿಯವನೊಬ್ಬ ಗಾಲಿಗೆ ಪಟ್ಟಿ ಹಾಕಿಸಲು ಬಂದ. ನಾನು ಕೈಬರ್ಮಾ ಎದೆಗಿಟ್ಟು ಏದುಸಿರು ಬಿಡುವುದನ್ನು ಸ್ವಲ್ಪ ಹೊತ್ತು ನೋಡಿದ.

"ನಮ್ಮೂರಾಗ ಒಬ್ಬ ಸಾವ್ಕಾರ ಅದಾನ್ರಿ," ಅಂದ. "ಅವರ ಕೊಟ್ಟಿಗ್ಯಾಗ ತೂತ ಹೊಡಿಯೋ ದೊಡ್ಡ ಮಷಿನ್ ಬಿದ್ದದ. ಮಾರ್ತಾರಂತ. ಉದಗೀರದ ಮಿಸ್ತ್ರಿನೂ ನೋಡ್ಲಿಕ್ಕ ಬರಾವ ಇದಾನಂತ."

ಆ ಮಾತು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಸಿದ ಕಬ್ಬಿಣ ತಣ್ಣಗಾಗುವವರೆಗೆ ಇಕ್ಕಳದಲ್ಲಿ ಹಿಡಿದುಕೊಂಡು ನಿಂತೆ. ಊಟಕ್ಕೆ ಹೋದರೆ ರೊಟ್ಟಿ ಕೈಯಲ್ಲೇ ಉಳಿಯಿತು. ಉದಗೀರದವನು ಇಷ್ಟು ಹೊತ್ತಿಗೆ ಹೊರಟಿರಬಹುದು, ನಾಳೆ ಸಂತೆ, ನಾಳೆಯೇ ಹೋಗಿ ಎತ್ತಿಕೊಂಡು ಹೋದರೆ ಏನು ಮಾಡುವುದು ಎಂದು ಮನಸ್ಸು ಒಂದೇ ಸಮನೆ ಓಡುತ್ತಿತ್ತು.

"ನೋಡಿ ಬರ್ರಿ," ಅಂದಳು ನನ್ನ ಹೆಂಡತಿ. "ಇಲ್ಲಿ ಕುಂತು ಮನ್ಯಾಗಿನವರನ್ನ ಯಾಕ ಕಾಡ್ತೀರಿ?"

ಮರುದಿನ ಬೆಳಗಿನ ರೈಲು ಹಿಡಿದು ಕಮಲನಗರಕ್ಕೆ ಹೋಗಿ, ಅಲ್ಲಿಂದ ಒಂದು ಕಡಲೆ ಚೀಲದ ಬಂಡಿಯಲ್ಲಿ ಕೂತು ಔರಾದಿನ ದಾರಿ ಹಿಡಿದೆ. ಬಂಡಿಯವನು ಮರಾಠಿಯಲ್ಲಿ ಏನೇನೋ ಕೇಳುತ್ತಿದ್ದ, ನಾನು ಹೂಂ ಹೂಂ ಅನ್ನುತ್ತಿದ್ದೆ. ಅರ್ಧ ದಾರಿಯಲ್ಲಿ ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದಾಗ ತಡೆಯಲಾರದೆ ಇಳಿದು ಮುಂದೆ ನಡೆದುಬಿಟ್ಟೆ. ಒಂದು ಹರದಾರಿ ನಡೆದ ಮೇಲೆ ಅದೇ ಬಂಡಿ ಹಿಂದಿನಿಂದ ಬಂದು ನನ್ನನ್ನು ಮತ್ತೆ ಹತ್ತಿಸಿಕೊಂಡಿತು.

ಸಾವ್ಕಾರರಿಗೆ ಐವತ್ತರ ಹತ್ತಿರ ವಯಸ್ಸು. ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ಮುಂದುಗಡೆ ಕಿರಾಣಿ ಅಂಗಡಿ, ಹಿಂದೆ ಮನೆ, ಅದರಾಚೆ ಕೊಟ್ಟಿಗೆ. ಎಮ್ಮೆಯ ಪಕ್ಕದ ದಪ್ಪ ಕಂಬಕ್ಕೆ ಮಷಿನ್ನನ್ನು ಬೋಲ್ಟು ಹಾಕಿ ಬಿಗಿದಿದ್ದರು. ಕರೆಂಟಿನದಲ್ಲ, ಕೈಯಿಂದ ತಿರುಗಿಸುವಂಥದು. ಎದೆಯೆತ್ತರದ ಎರಕದ ಬೆನ್ನು, ಮೇಲೆ ಭಾರದ ಚಕ್ರ, ಪಕ್ಕದಲ್ಲಿ ಹಿಡಿಕೆ, ಎರಡು ಹಲ್ಲಿನ ಗಾಲಿ, ಕೆಳಗೆ ಬರ್ಮಾ ಕಚ್ಚಿ ಹಿಡಿಯುವ ಬಾಯಿ, ಅದರ ಕೆಳಗೆ ಸಾಮಾನು ಇಡುವ ದುಂಡನೆಯ ಪೀಠ.

"ಹೊಸಾದ್ ಇದ್ದಂಗ ಅದ ನೋಡ್ರಿ," ಅಂದರು ಸಾವ್ಕಾರರು. "ಮೊನ್ನೆ ಬಣ್ಣಾ ಹೊಡಿಸೀನಿ."

ಆ ಬಣ್ಣವೇ ನನಗೆ ಬೇಡವಾಗಿತ್ತು. ಹಳೆಯ ಎರಕಕ್ಕೆ ಹೊಸ ಕರಿಬಣ್ಣ ಬಳಿದಿದ್ದರೆ ಕೆಳಗೆ ಬಿರುಕಿದೆ ಎಂದೇ ಮೊದಲು ಎಣಿಸಬೇಕು. ಸಣ್ಣ ಸುತ್ತಿಗೆ ತೆಗೆದು ಬೆನ್ನಿನ ಉದ್ದಕ್ಕೂ ತಟ್ಟುತ್ತ ಬಂದೆ. ಗಂಟೆಯ ಹಾಗೆ ಸದ್ದು ಬಂತು. ಪೀಠದ ತೋಳಿನ ಹತ್ತಿರ ಮಾತ್ರ ಬಡಿದರೆ ಒಡೆದ ಮಡಕೆ ಬಡಿದ ಹಾಗೆ. ಬಗ್ಗಿ ನೋಡಿದರೆ ಅಲ್ಲಿನ ಬೋಲ್ಟು ಸಡಿಲವಾಗಿತ್ತು, ಬಿಗಿದು ತಟ್ಟಿದಾಗ ಸದ್ದು ಸರಿಯಾಯಿತು. ಆಮೇಲೆ ಬರ್ಮಾ ಹಿಡಿಯುವ ದಂಡವನ್ನು ಮುಷ್ಟಿಯಲ್ಲಿ ಹಿಡಿದು ಆಚೆ ಈಚೆ ಅಲುಗಿಸಿದೆ. ಸ್ವಲ್ಪ ಅಲುಗಾಟವಿತ್ತು, ಆ ವಯಸ್ಸಿನ ಮಷಿನ್ನಿಗೆ ಹೆಚ್ಚೇನಲ್ಲ. ಬಾಯಿ ಬಿಗಿಯಲು ಚಾವಿ ಕೇಳಿದರೆ "ಅದು ಇಲ್ರಿ, ಕಳದದ" ಅಂದರು. ಒಂದು ಮೊಳೆ ತೂರಿಸಿ ಬಿಗಿದುಕೊಂಡೆ.

ಹಲ್ಲಿನ ಗಾಲಿಗಳಿಗೆ ಗ್ರೀಸು ಗಟ್ಟಿಯಾಗಿ ಮೆತ್ತಿದ್ದರು. ಸದ್ದು ಅಡಗಿಸಲು ಹಾಗೆ ಮಾಡುವುದುಂಟು. ಎಲ್ಲ ಒರೆಸಿ ತೆಗೆದು ಹಿಡಿಕೆ ತಿರುಗಿಸಿದೆ. ಚಕ್ರ ಸರಾಗವಾಗಿ ಸುತ್ತಿತು, ಆದರೆ ಸುತ್ತಿಗೊಂದು ಸಲ ಟಕ್ ಅನ್ನುತ್ತಿತ್ತು. ಸಣ್ಣ ಗಾಲಿಯ ಒಂದು ಹಲ್ಲಿನ ಮೂಲೆ ಮುರಿದಿತ್ತು. ಅದು ದೊಡ್ಡ ದೋಷವಲ್ಲ. ಆದರೆ ಆ ಟಕ್ ನನ್ನನ್ನು ಏಕೋ ಹಿಂಡಿತು. ತಿರುಗಿಸುವುದನ್ನು ನಿಲ್ಲಿಸಿದೆ, ಮತ್ತೆ ತಿರುಗಿಸಿದೆ. ಆ ಸದ್ದನ್ನು ನಾನು ಎಲ್ಲೋ ವರ್ಷಗಟ್ಟಲೆ ಕೇಳಿದ್ದೆ.

ಚಿಂದಿಗೆ ಸೀಮೆಎಣ್ಣೆ ಹಾಕಿಕೊಂಡು ಪೀಠವನ್ನು ಉಜ್ಜತೊಡಗಿದೆ. ಕರಿಬಣ್ಣ ಕರಗಿ ಹೋದಲ್ಲಿ, ನಡುವಿನ ತೂತಿನಿಂದ ಎರಡು ಬೆರಳು ದೂರದಲ್ಲಿ, ಕಡಲೆಕಾಳಿನಷ್ಟು ಹಳದಿ ಚುಕ್ಕೆ ಕಂಡಿತು. ಹಿತ್ತಾಳೆ. ಉಗುರಿನಿಂದ ಕೆರೆದೆ. ಹಿತ್ತಾಳೆಯೇ.

ಆ ಹಿತ್ತಾಳೆಯ ಕೆಳಗಿನ ತೂತು ಹೊಡೆದವನು ನಾನು.

ನಮ್ಮಪ್ಪ ಕುರಿ ಸಾಕುತ್ತಿದ್ದ. ಉಣ್ಣೆ ಕತ್ತರಿಸುವ ಕತ್ತರಿಗಳನ್ನು ಬೀದರಿನ ಒಬ್ಬ ಉಸ್ತಾದರ ಹತ್ತಿರ ಮಸೆಯಿಸುತ್ತಿದ್ದ. ನನಗೆ ಕುರಿಯ ಹಿಂದೆ ತಿರುಗುವುದು ಒಗ್ಗಲಿಲ್ಲವೆಂದು ಹದಿನಾಲ್ಕನೆಯ ವಯಸ್ಸಿನಲ್ಲಿ ಅವರ ಕಾರ್ಖಾನೆಯಲ್ಲೇ ಬಿಟ್ಟು ಬಂದ. ಎಂಟು ವರ್ಷ ಅಲ್ಲಿದ್ದೆ. ಮೊದಲ ವರ್ಷ ಇದೇ ಮಷಿನ್ನಿನಲ್ಲಿ ಪಟ್ಟಿಯ ಕೆಳಗೆ ಕಟ್ಟಿಗೆ ಇಡುವುದನ್ನು ಮರೆತಿದ್ದೆ, ಬರ್ಮಾ ಪಟ್ಟಿಯನ್ನು ದಾಟಿ ಪೀಠದೊಳಗೇ ಇಳಿದುಬಿಟ್ಟಿತ್ತು. ಉಸ್ತಾದರು ಬೈಯಲಿಲ್ಲ. ಆ ಗುಳಿಗೆ ಹಿತ್ತಾಳೆಯ ಬೆಣೆ ಬಡಿದು, ಅದನ್ನು ಸಮನಾಗಿ ಅರದಲ್ಲಿ ಉಜ್ಜುವ ಕೆಲಸ ನನಗೇ ಕೊಟ್ಟಿದ್ದರು. ಎರಡು ದಿನ ಉಜ್ಜಿದ್ದೆ.

"ಎಲ್ಲಿಂದ ಬಂತ್ರಿ ಇದು?" ಎಂದು ಸಾವ್ಕಾರರನ್ನು ಕೇಳಿದೆ.

"ಗಡಬಡಿ ಟೈಮಿನ್ಯಾಗ ಬಂಡ್ಯಾಗ ಹೇರ್ಕೊಂಡು ಬಂದಿದ್ರು. ಎರಡು ಚೀಲ ಜ್ವಾಳಾ ಕೊಟ್ಟು ತಗೊಂಡೆ."

"ಯಾರು ಬಂದಿದ್ರು?"

"ಯಾರೋ. ಆವಾಗ ಯಾರು ಯಾರನ್ನ ಕೇಳ್ತಿದ್ರು, ಮಿಸ್ತ್ರಿ?" ಅಂದರು. ನನ್ನ ಕೈಯಲ್ಲಿದ್ದ ಚಿಂದಿಯನ್ನು ನೋಡಿ, "ಹ್ಯಾಂಗ ಅದ? ಪಸಂದ್ ಆಯ್ತೋ ಇಲ್ಲೋ?"

ಎಂಟು ದಿನದಲ್ಲಿ ಹೇಳುತ್ತೇನೆಂದೆ. ಉದಗೀರದವನಿಗೆ ಅಷ್ಟು ದಿನ ಕೊಡಬಾರದೆಂದು ಕೈಮುಗಿದು ಕೇಳಿಕೊಂಡೆ. ಅವರಿಗೆ ಆಶ್ಚರ್ಯವಾಯಿತು, ಆದರೂ ಒಪ್ಪಿದರು. ಬರ್ಮಾ ಹಾಕಿ ತೂತು ಹೊಡೆದು ನೋಡುವುದು ಉಳಿದೇಹೋಯಿತು. ಅಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಮಷಿನ್ನಿನ ವಿಷಯ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, "ಆ ಉಸ್ತಾದರು ಈಗ ಎಲ್ಲಿ ಅದಾರ?" ಎಂದು ಕೇಳಿದಳು.

"ಗೊತ್ತಿಲ್ಲ."

"ಮೂರು ವರ್ಷ ಆಯ್ತು. ಬೀದರಿಗೆ ಎಷ್ಟು ಸಲ ಹೋಗಿ ಬಂದೀರಿ. ಕೇಳ್ಲಿಲ್ಲೇನು?"

ಕೇಳಿರಲಿಲ್ಲ. ಬೀದರಿಗೆ ಕಬ್ಬಿಣ ತರಲು ಹೋದಾಗಲೆಲ್ಲ ಆ ಗಲ್ಲಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ನಡೆಯುತ್ತಿದ್ದೆ. ನಿಜಾಮರ ಪರವಾಗಿದ್ದ ರಜಾಕಾರರ ಹಾವಳಿ ಜೋರಾದ ತಿಂಗಳುಗಳಲ್ಲಿ ನಮ್ಮಪ್ಪ ನನ್ನನ್ನು ಕರೆದೊಯ್ಯಲು ಬಂದಿದ್ದ. ಹಿಂದೂ ಹುಡುಗರು ಸ್ಟೇಷನ್ನಿಗೆ ಒಬ್ಬರೇ ಹೋಗಲು ಹೆದರುತ್ತಿದ್ದ ದಿನಗಳು. ಉಸ್ತಾದರು ತಮ್ಮ ಶೇರವಾನಿ ತೊಟ್ಟುಕೊಂಡು ನಮ್ಮಿಬ್ಬರ ನಡುವೆ ನಡೆದು ಬಂದರು. ದಾರಿಯಲ್ಲಿ ತಡೆದವರಿಗೆ "ಇವ ನನ್ನ ಹುಡುಗ" ಎಂದಷ್ಟೇ ಹೇಳಿದರು. ರೈಲಿನ ಡಬ್ಬಿಯಲ್ಲಿ ಕೂರಿಸಿ, ಅದು ಬಿಡುವವರೆಗೆ ಕಿಟಕಿಯ ಹತ್ತಿರ ನಿಂತಿದ್ದರು. ಕೆಲವೇ ತಿಂಗಳಲ್ಲಿ ಸೈನ್ಯ ಬಂತು, ಗಾಳಿ ತಿರುಗಿತು. ಈಗ ಹೆದರಬೇಕಾದವರು ಉಸ್ತಾದರಂಥ ಮುಸಲ್ಮಾನರಾದರು. ಬೀದರಿನ ಸುದ್ದಿ, ಹಳ್ಳಿಹಳ್ಳಿಗಳ ಸುದ್ದಿ ನನಗೂ ಬರುತ್ತಿತ್ತು. ನಾನು ಕುರಿಯ ದೊಡ್ಡಿಯಲ್ಲಿ ಕೂತಿದ್ದೆ. ಮೊದಲು ಭಯಕ್ಕೆ ಹೋಗಲಿಲ್ಲ. ಆಮೇಲೆ, ಮೊದಲೇ ಹೋಗಲಿಲ್ಲವಲ್ಲ ಎಂಬ ನಾಚಿಕೆಗೆ ಹೋಗಲಿಲ್ಲ.

ಇದನ್ನು ಹೆಂಡತಿಗೆ ಆ ದಿನದವರೆಗೆ ಹೇಳಿರಲಿಲ್ಲ. ಆಗ ಹೇಳಿದೆ. "ಮಷಿನಿಂದು ಆಮ್ಯಾಲ ನೋಡೋಣು," ಅಂದಳು. "ಮೊದಲ ಬೀದರಿಗೆ ಹೋಗಿ ಬರ್ರಿ."

ಬೀದರಿನಲ್ಲಿ ಕಾರ್ಖಾನೆಯ ಜಾಗದಲ್ಲಿ ಸೌದೆ ಅಡ್ಡೆಯಿತ್ತು. ಬಾಗಿಲು, ಕಿಟಕಿ, ಮೇಲಿನ ತೊಲೆ ಯಾವುದೂ ಇರಲಿಲ್ಲ. ಗೋಡೆಯಲ್ಲಿ ಮಷಿನ್ನಿನ ಬೋಲ್ಟು ಇದ್ದ ನಾಲ್ಕು ಗುಳಿ ಮಾತ್ರ ಉಳಿದಿದ್ದವು. ಸೌದೆಯವನನ್ನು ಕೇಳದೆ ಎರಡು ಸಲ ಗಲ್ಲಿಯ ತುದಿಗೆ ಹೋಗಿ ಎರಡು ಸಲ ತಿರುಗಿ ಬಂದೆ. ಮೂರನೆಯ ಸಲಕ್ಕೆ ಅವನೇ, "ಯಾರು ಬೇಕಾಗ್ಯಾರ್ರಿ?" ಎಂದು ಕೇಳಿದ. ನಾನು ಉಸ್ತಾದರ ಹೆಸರು ಹೇಳಿದೆ. ಅವರು ಬದುಕಿದ್ದಾರೆ, ಮಗಳ ಮನೆಯಲ್ಲಿದ್ದಾರೆ ಎಂದು ಹೇಳಿ ದಾರಿ ತೋರಿಸಿದ.

ಅಳಿಯ ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವ ಬಿದರಿ ಕೆಲಸದವನು. ಅವನು ಎರಕ ಹೊಯ್ದ ಹೂದಾನಿಗಳನ್ನು ಉಸ್ತಾದರು ಅಂಗಳದ ನೆರಳಿನಲ್ಲಿ ಕೂತು ಅರದಲ್ಲಿ ಉಜ್ಜುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲು ತೆಗೆದ ಮಗಳು ನನ್ನ ಗುರುತು ಹಿಡಿದಳು. ಒಳಗೆ ಕರೆಯುವ ಮೊದಲೇ, ಅಮ್ಮಾಜಾನ್ ಹೋದ ವರ್ಷ ತೀರಿಕೊಂಡರು ಎಂದು ಹೇಳಿದಳು. ನಾನು ಉಸ್ತಾದರ ಹೆಂಡತಿಯನ್ನು ಹಾಗೆ ಕರೆಯುತ್ತಿದ್ದೆ. ಎಂಟು ವರ್ಷ ಅವರ ಕೈಯ ಅನ್ನ ತಿಂದವನು ನಾನು.

ಉಸ್ತಾದರು ತಲೆಯೆತ್ತಿ ನೋಡಿದರು. "ಬಾ ಬೇಟಾ, ಕೂಡು," ಅಂದರು. ನಿನ್ನೆ ಸಂಜೆ ಕೆಲಸ ಬಿಟ್ಟು ಹೋದವನು ಬೆಳಿಗ್ಗೆ ಬಂದಂತೆ.

ನಾನು ತಪ್ಪಾಯಿತೆಂದು ಹೇಳಬೇಕೆಂದು ರೈಲಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದು ಬೇರೆ. "ಉಸ್ತಾದ್, ಔರಾದಿನ್ಯಾಗ ಒಂದು ಬರ್ಮಾ ಮಷಿನ್ ಮಾರಾಟಕ್ಕ ಅದ. ನೋಡಿ ಬಂದೆ."

"ಹ್ಯಾಂಗ ಅದ?"

"ಎರಕ ಗಟ್ಟಿ ಅದ. ಸಣ್ಣ ಗಾಲಿದು ಒಂದು ಹಲ್ಲು ಮುರದದ."

ಅರದ ಸದ್ದು ನಿಂತಿತು. ಅವರು ಹೂದಾನಿಯನ್ನು ತೊಡೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಪೀಠದಾಗ ಹಿತ್ತಾಳಿ ಬೆಣಿ ಅದ ಏನು?" ಎಂದು ಕೇಳಿದರು.

"ಅದ, ಉಸ್ತಾದ್."

ಮಗಳು ಚಹಾ ತಂದಿಟ್ಟು ಅಲ್ಲೇ ನಿಂತಳು. ಉಸ್ತಾದರು ಸಾಸರಿಗೆ ಸುರಿದು, ಆರಿಸಿ, ಪೂರ್ತಿ ಕುಡಿದರು.

"ತೂತ ಹೊಡದ ನೋಡಿದಿ?"

"ಇಲ್ಲ."

"ತಂತಿ ತಿರಗ್ಸಿ ಪೀಠ ನೋಡಿದಿ?"

"ಇಲ್ಲ."

"ಮತ್ತ ಏನು ನೋಡಿ ಬಂದಿ?" ಅಂದರು. ಮಗಳ ಕಡೆ ತಿರುಗಿ, "ನನ್ನ ಶೇರವಾನಿ ತೆಗ್ದಿಡವ್ವಾ. ನಾಳಿಗಿ ಔರಾದಿಗೆ ಹೋಗ್ತೇನಿ."

ಮಗಳಿಗೆ ಅದು ಬೇಡವಾಗಿತ್ತು. ಆ ಕಡೆಯ ಹಳ್ಳಿಗಳಿಗೆ ಯಾಕೆ ಹೋಗಬೇಕು, ಯಾರು ತಂದರೋ, ಯಾರ ಮನೆಯಲ್ಲಿದೆಯೋ ಎಂದು ಅಳುದನಿಯಲ್ಲಿ ಹೇಳಿದಳು. ನಾನೂ ಬೇಡವೆಂದೆ. ಅವರು ಮತ್ತೆ ಅರ ಎತ್ತಿಕೊಂಡರು.

ಮರುದಿನ ಬೀದರಿನಿಂದ ಔರಾದಿಗೆ ಮೋಟಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಉಸ್ತಾದರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಮೋಟಾರು ಹತ್ತಿದವರನ್ನೆಲ್ಲ ನೋಡುತ್ತಿದ್ದೆ. ಯಾರಾದರೂ ಅವರ ಟೊಪ್ಪಿಗೆಯ ಕಡೆ ಎರಡನೆಯ ಸಲ ನೋಡಿದರೆ ನಾನು ಅವರ ಕಡೆಗೆ ಇನ್ನಷ್ಟು ಸರಿದು ಕೂರುತ್ತಿದ್ದೆ. ಏನೂ ಆಗಲಿಲ್ಲ. ಒಬ್ಬ ರೈತ ಅವರಿಗೆ ಜಾಗ ಬಿಟ್ಟುಕೊಟ್ಟು ತಾನು ಚೀಲದ ಮೇಲೆ ಕೂತ. ಆದರೂ ಅಲ್ಲಿ ಹೋಗಿ ಉಸ್ತಾದರು ಏನನ್ನುತ್ತಾರೆ, ಸಾವ್ಕಾರ ಏನನ್ನುತ್ತಾನೆ, ಜನ ಸೇರಿದರೆ ಏನು ಗತಿ ಎಂದು ಎಣಿಸುತ್ತಲೇ ಇದ್ದೆ.

ಸಾವ್ಕಾರರಿಗೆ, "ಇವರು ನನಗ ಕೆಲಸ ಕಲಿಸಿದವರು. ಜರಾ ನೋಡಿ ಹೇಳ್ಲಿ ಅಂತ ಕರಕೊಂಡು ಬಂದೀನಿ," ಎಂದೆ. ಉಸ್ತಾದರು ಹಾಗೆಯೇ ಹೇಳೆಂದಿದ್ದರು.

"ನೋಡ್ಲಿ ನೋಡ್ಲಿ," ಅಂದರು ಸಾವ್ಕಾರರು. "ನೋಡಿ ತಗೊಂಡ್ರ ಆಮ್ಯಾಲ ತಕರಾರಿಲ್ಲ."

ಉಸ್ತಾದರು ಶೇರವಾನಿ ಕಳಚಿ ನನ್ನ ಕೈಗೆ ಕೊಟ್ಟರು. ಮಷಿನ್ನಿನ ಎದುರು ಒಂದು ಕ್ಷಣ ನಿಂತರು, ಅಷ್ಟೇ. ಆಮೇಲೆ ಅಪರಿಚಿತ ಮಷಿನ್ನನ್ನು ನೋಡುವ ಹಾಗೆ ಮೊದಲಿನಿಂದ ಶುರು ಮಾಡಿದರು. ಹಿಡಿಕೆಯನ್ನು ಮುಂದಕ್ಕೆ ತಿರುಗಿಸಿದರು, ಹಿಂದಕ್ಕೆ ತಿರುಗಿಸಿದರು, ನಡುವೆ ಎಷ್ಟು ಖಾಲಿ ಓಡುತ್ತದೆಂದು ಬೆರಳಿನಲ್ಲಿ ಅಳೆದರು. ದಂಡಕ್ಕೆ ಅಂಗೈ ಒತ್ತಿ, ಸಾವ್ಕಾರರಿಗೆ, "ಜರಾ ತಿರಗಸ್ರಿ," ಅಂದರು. ಸಾವ್ಕಾರರು ಪಂಚೆ ಮೇಲೆ ಕಟ್ಟಿ ತಿರುಗಿಸತೊಡಗಿದರು. ಉಸ್ತಾದರು ಕಣ್ಣು ಮುಚ್ಚಿ ಎರಕದ ಬೆನ್ನಿಗೆ ಕಿವಿಯಿಟ್ಟು ಕೇಳಿದರು.

ಆಮೇಲೆ ಒಂದು ತಂತಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಮಷಿನ್ನಿನ ಬಾಯಲ್ಲಿ ಸಿಕ್ಕಿಸಿದರು. ಅದರ ತುದಿ ಪೀಠವನ್ನು ಮುಟ್ಟಿಯೂ ಮುಟ್ಟದ ಹಾಗೆ ಇಳಿಸಿ ಸುತ್ತಲೂ ತಿರುಗಿಸಿದರು. ಅಂಗಡಿಯಿಂದ ಒಂದು ಪುಡಿಕೆಯ ತೆಳು ಕಾಗದ ತರಿಸಿ, ನಾಲ್ಕೂ ಕಡೆ ತಂತಿಯ ಕೆಳಗೆ ತೂರಿಸಿ ನೋಡಿದರು. ಮೂರು ಕಡೆ ಕಾಗದ ಸಿಕ್ಕಿಕೊಂಡಿತು, ಕೊಟ್ಟಿಗೆಯ ಗೋಡೆಯ ಕಡೆ ಸಡಿಲವಾಗಿ ಓಡಾಡಿತು. "ಈ ಕಡೆ ಬಾಗ್ಯದ," ಎಂದು ನನಗೆ ತೋರಿಸಿದರು. "ಬಂಡ್ಯಾಗಿಂದ ಕೆಳಗ ಒಗದಾರ. ತೋಳಿನ ಕೆಳಗ ತಗಡು ಕೊಟ್ರ ಸರಿ ಆಗ್ತದ."

ಚಕ್ರ ಬರಬರುತ್ತ ಬಿಗಿಯಾಗುತ್ತಿತ್ತು. ಎಣ್ಣೆ ಎಲ್ಲಿ ಹಾಕುವುದೆಂದು ತಿಳಿಯದೆ ಎಲ್ಲ ಕಡೆ ಸುರಿದಿದ್ದೆವೆಂದು ಸಾವ್ಕಾರರು ಹೇಳಿದರು. ಉಸ್ತಾದರು ಮಾತಿಗೆ ಕಾಯದೆ, ನೋಡದೆಯೇ, ಮಷಿನ್ನಿನ ಬೆನ್ನಿನ ಹಿಂದೆ ಕೈ ಹಾಕಿದರು. ಕಂಬಕ್ಕೂ ಎರಕಕ್ಕೂ ನಡುವೆ ಎರಡು ಬೆರಳು ಮಾತ್ರ ಹೋಗುವ ಸಂದಿ ಅದು. ಅಲ್ಲಿಂದ ಗಟ್ಟಿಯಾದ ಒಂದು ಚಿಂದಿಯ ಉಂಡೆಯನ್ನು ಎಳೆದು ತೆಗೆದರು. ಅದು ಎಣ್ಣೆಯ ತೂತಿನ ಬಾಯಿಗೆ ಧೂಳು ಹೋಗದಂತೆ ತುರುಕಿದ್ದ ಬಟ್ಟೆ. ಅಲ್ಲಿ ತೂತಿದೆಯೆಂದು ನನಗೂ ನೆನಪಿರಲಿಲ್ಲ.

ಸಾವ್ಕಾರರು ತಿರುಗಿಸುವುದನ್ನು ನಿಲ್ಲಿಸಿದರು. ಆ ಬಟ್ಟೆಯನ್ನು ನೋಡಿದರು, ಉಸ್ತಾದರ ಕೈಯನ್ನು ನೋಡಿದರು. ಚಕ್ರ ತನ್ನಷ್ಟಕ್ಕೆ ಎರಡು ಸುತ್ತು ಸುತ್ತಿ ನಿಂತಿತು. ಅವರು ಮನೆಯೊಳಗೆ ಹೋದರು.

ನನಗೆ ಓಡಿಬಿಡಬೇಕೆನಿಸಿತು. "ಹೋಗೋಣು ನಡೀರಿ, ಉಸ್ತಾದ್," ಎಂದೆ. ಅವರು ಎಣ್ಣೆಯ ತೂತನ್ನು ಕಡ್ಡಿಯಿಂದ ಸ್ವಚ್ಛ ಮಾಡುತ್ತಿದ್ದರು.

ಸಾವ್ಕಾರರು ಒಂದು ತಗಡಿನ ಡಬ್ಬಿ ಹಿಡಿದು ಬಂದರು. ನನ್ನ ಮುಂದೆ ಇಡಲಿಲ್ಲ, ಉಸ್ತಾದರ ಮುಂದೆ ಇಟ್ಟರು. ಒಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಬರ್ಮಾಗಳು, ಸಣ್ಣದರಿಂದ ದೊಡ್ಡದರವರೆಗೆ. ಅವುಗಳ ಜೊತೆಗೆ ಬಾಯಿ ಬಿಗಿಯುವ ಚಾವಿ.

"ಇವು ಅದರ ಸಂಗಟನ ಬಂದಿದ್ವು," ಅಂದರು. "ಬ್ಯಾರೆ ಮಾರಬೇಕಂತ ತೆಗದಿಟ್ಟಿದ್ದೆ." ಆಮೇಲೆ, "ಮಷಿನ್ ನಿಮ್ಮದೇನ್ರಿ?"

"ಆಗಿತ್ತು," ಅಂದರು ಉಸ್ತಾದರು.

"ನಾ ಕಳವು ಮಾಡಿಲ್ರಿ."

"ನಾ ಹಂಗ ಅಂದೇ ಇಲ್ಲಲ್ಲ."

ಸಾವ್ಕಾರರು ಎಮ್ಮೆಯ ಗೋದಲಿಯ ಕಟ್ಟೆಯ ಮೇಲೆ ಕೂತರು. "ಖರೇ ಹೇಳ್ತೇನಿ. ಯಾರದೋ ಮನಿ ಮುರದು ತಂದದ್ದು ಅಂತ ನನಗ ಗೊತ್ತಿತ್ತು. ನಾ ತಗೊಳ್ಳಿಲ್ಲಂದ್ರ ಮತ್ತೊಬ್ಬ ತಗೋತಾನ ಅಂತ ತಗೊಂಡೆ. ಮೂರು ವರ್ಷ ಆಯ್ತು, ಹಾಲು ಹಿಂಡ್ಲಿಕ್ಕ ಬಂದಾಗೆಲ್ಲಾ ಕಣ್ಣಿಗಿ ಬೀಳ್ತದ. ಬಣ್ಣಾ ಹೊಡಿಸಿದ್ರೂ ಹಂಗ. ಹಂಗೇ ಒಯ್ದುಬಿಡ್ರಿ. ನನಗ ಏನೂ ಬ್ಯಾಡ."

ನನಗೆ ಸಿಟ್ಟು ಬಂತು. ಸಾವ್ಕಾರರ ಮೇಲೆ ಬಂದದ್ದಕ್ಕಿಂತ ಹೆಚ್ಚಾಗಿ ಉಸ್ತಾದರ ಮೇಲೆ. ಅವರು ಒಂದು ಮಾತು ಗಟ್ಟಿಯಾಗಿ ಕೇಳಲಿ, ಬೈಯಲಿ, ಅಳಲಿ ಎಂದು ಕಾಯುತ್ತಿದ್ದೆ. ಅವರು ಚಾವಿ ತೆಗೆದುಕೊಂಡು, ಒಂದು ಬರ್ಮಾ ಆರಿಸಿ, ಬಾಯಿಗೆ ಬಿಗಿದು, "ಒಂದು ಪಟ್ಟಿ ತುಂಡು ಕೊಡು," ಎಂದು ನನ್ನನ್ನು ಕೇಳಿದರು. ನಾನು ಚೀಲದಿಂದ ತೆಗೆದುಕೊಟ್ಟೆ. ಕೆಳಗೆ ಕಟ್ಟಿಗೆ ಇಟ್ಟರು. ಮತ್ತೆ ಸಾವ್ಕಾರರೇ ತಿರುಗಿಸಿದರು. ಕಬ್ಬಿಣದ ಸುರುಳಿ ಬರ್ಮಾದ ಎರಡೂ ಬದಿಯಿಂದ ಒಂದೇ ಸಮನಾಗಿ ಏರಿ ಬಂದು ಕೆಳಗೆ ಬಿತ್ತು. ತೂತಿನೊಳಗೆ ಉಸ್ತಾದರು ಕಿರುಬೆರಳು ಹಾಕಿ ಸುತ್ತಿಸಿದರು.

"ಛಲೋ ಅದ. ತಗೋ," ಎಂದು ನನಗೆ ಹೇಳಿದರು. ಸಾವ್ಕಾರರಿಗೆ, "ಎರಡು ಚೀಲ ಜ್ವಾಳಾ ಕೊಟ್ಟಿದ್ರಂತ. ಅದರ ರೊಕ್ಕಾ ಇವ ಕೊಡ್ತಾನ. ಹೆಚ್ಚಿಗಿ ತಗೋಬ್ಯಾಡ್ರಿ. ಫುಕಟ್ ಒಯ್ದ್ರ ನಾಳಿಗಿ ಊರಾಗ ಏನೇನೋ ಮಾತು ಹುಟ್ತದ. ಇವ ಇದೇ ಮುಲ್ಕಿನ್ಯಾಗ ಧಂದೆ ಮಾಡಬೇಕು."

ಸಾವ್ಕಾರರು ತಲೆಯಾಡಿಸಿದರು. ಊಟ ಮಾಡಿಕೊಂಡು ಹೋಗಿರೆಂದು ಎರಡು ಸಲ ಕೇಳಿದರು. ಉಸ್ತಾದರು ನೀರು ಮಾತ್ರ ಕುಡಿದರು. ಬಾಡಿಗೆಯ ಬಂಡಿಗೆ ಹುಲ್ಲು ಹಾಸಿ ಮಷಿನ್ನನ್ನು ಮಲಗಿಸುವಾಗ ಸಾವ್ಕಾರರೇ ಒಂದು ತುದಿ ಹಿಡಿದರು.

ಕಮಲನಗರದ ದಾರಿಯಲ್ಲಿ ನಾನು, "ಉಸ್ತಾದ್, ಇದು ನಿಮ್ಮದು," ಎಂದೆ.

"ನನ್ನ ಕಡೆ ಗ್ವಾಡಿ ಇಲ್ಲ, ಕಂಬ ಇಲ್ಲ. ಎಲ್ಲಿ ಬಡೀಲಿ ಇದನ್ನ?" ಅಂದರು. ಆಮೇಲೆ ಆ ವಿಷಯ ಎತ್ತಲು ಬಿಡಲಿಲ್ಲ.

ಉಸ್ತಾದರು ಭಾಲ್ಕಿಯಲ್ಲಿ ನಮ್ಮ ಜೊತೆ ಮೂರು ವಾರ ಇದ್ದರು. ಸಾಗುವಾನಿಯ ಕಂಬ ನೆಡಿಸಿದರು, ತೋಳಿನ ಕೆಳಗೆ ತಗಡು ಕೊಟ್ಟು ಪೀಠವನ್ನು ಸಮ ಮಾಡಿದರು, ಮುರಿದ ಹಲ್ಲಿಗೆ ತುಂಡು ಕೂಡಿಸಿ ಅರದಲ್ಲಿ ತಿದ್ದಿದರು. ಟಕ್ ಸದ್ದು ನಿಂತುಹೋಯಿತು. ನನ್ನ ಹೆಂಡತಿ ಅವರಿಗೆ ಬಿಸಿ ರೊಟ್ಟಿ ಬಡಿಸುತ್ತ ಅಮ್ಮಾಜಾನ್ ಏನೇನು ಅಡುಗೆ ಮಾಡುತ್ತಿದ್ದರೆಂದು ಕೇಳುತ್ತಿದ್ದಳು. ಅವರು ಹೇಳುತ್ತಿದ್ದರು. ನಾನು ಊಟದ ನಡುವೆ ಎದ್ದು ಅಂಗಡಿಗೆ ಹೋಗಿಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಗಾಣದ ಪಟ್ಟಿ ಕೊರೆಯುತ್ತಿದ್ದೆ. ಅವರು ಪಕ್ಕದಲ್ಲಿ ಕೂತಿದ್ದರು. ಕೈ ನಿಲ್ಲಿಸದೆಯೇ, ಅವರ ಮುಖ ನೋಡದೆಯೇ, "ಉಸ್ತಾದ್, ಆವಾಗ ನಾ ಬರಬೇಕಿತ್ತು," ಎಂದೆ.

ಅವರು ಎಣ್ಣೆಯ ಡಬ್ಬಿ ಎತ್ತಿ ಬರ್ಮಾಕ್ಕೆ ಎರಡು ಹನಿ ಬಿಟ್ಟರು. "ನಿಮ್ಮ ಅಮ್ಮಾಜಾನ್ ಹೇಳ್ತಿದ್ಲು, ಇವತ್ತ ಬರ್ತಾನ ನೋಡ್ರಿ, ನಾಳಿಗಿ ಬರ್ತಾನ ಅಂತ," ಅಂದರು. "ಅಕಿ ಇರೋತನಾ ಹೇಳಿದ್ಲು." ಆಮೇಲೆ, "ಒತ್ತಬ್ಯಾಡ. ಬರ್ಮಾ ತಾನ ಇಳೀತದ."

ಅವರು ಕ್ಷಮಿಸಿದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನಾನು ಅಂದಿನಿಂದ ತಿಂಗಳಿಗೊಮ್ಮೆ ಬೀದರಿಗೆ ಹೋಗತೊಡಗಿದೆ. ಕೆಲಸವಿರಲಿ ಬಿಡಲಿ, ಹೋಗದಿದ್ದರೆ ಆ ತಿಂಗಳೆಲ್ಲ ಕೈ ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ಅಳಿಯ ಹೈದರಾಬಾದಿಗೆ ಹೊರಟ, ಉಸ್ತಾದರೂ ಹೋದರು. ಮರುವರ್ಷ ಹೈದರಾಬಾದ್ ರಾಜ್ಯ ಮೂರು ಪಾಲಾಗಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅವರ ಉರ್ದು ಕಾಗದ ವರ್ಷಕ್ಕೆ ಎರಡು ಬರುತ್ತಿದ್ದವು, ಸಾಲೆಯಲ್ಲಿ ಕಲಿತ ಉರ್ದುವಿನಲ್ಲಿ ನಾನೂ ಬರೆಯುತ್ತಿದ್ದೆ.

ಒಂದು ಸಲ ಅವರನ್ನು ನೋಡಲು ಹೈದರಾಬಾದಿಗೆ ಹೋದೆ. ಅವರಿಗೆ ಕಿವಿ ಮಂದವಾಗಿತ್ತು, ಕೋಲು ಹಿಡಿದಿದ್ದರು. ಆದರೆ ನನ್ನನ್ನು ಕೂರಲು ಬಿಡದೆ ಗುಜರಿ ಬಜಾರಿಗೆ ಕರೆದುಕೊಂಡು ಹೋದರು. ಅಲ್ಲಿ ಸಾಮಾನನ್ನು ಕಚ್ಚಿ ಹಿಡಿಯುವ ಒಂದು ಹಳೆಯ ಇಕ್ಕಳಪೀಠ ನೋಡಿಟ್ಟಿದ್ದರಂತೆ, ನಾನು ನೋಡಿ ಹೇಳಬೇಕಂತೆ. ನೋಡಿದೆ, ಚೆನ್ನಾಗಿತ್ತು. ಅವರಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ಅಂಗಡಿ ನೋಡೋಣವೆಂದರು, ಅಲ್ಲಿಂದ ಮತ್ತೊಂದು. ಎಲ್ಲ ಕಡೆಯೂ ಸಾಮಾನು ಮುಟ್ಟಿ, ತಟ್ಟಿ, "ಇದು ಯಾರ ಕಡೆದು? ಯಾಕ ಮಾರಿದ್ರು?" ಎಂದು ಕೇಳುತ್ತಿದ್ದರು. ಅಂಗಡಿಯವರು ನಗುತ್ತಿದ್ದರು. ಬಿಸಿಲು ಇಳಿಯುವವರೆಗೆ ಹಾಗೆ ತಿರುಗಿದೆವು, ಏನನ್ನೂ ಕೊಳ್ಳಲಿಲ್ಲ. ನನ್ನ ರೈಲು ತಪ್ಪಿಹೋಗಿತ್ತು. ಅದನ್ನು ಹೇಳಿದಾಗ ಅವರು ನನ್ನ ತೋಳು ಹಿಡಿದು, "ಛಲೋ ಆಯ್ತು. ನಾಳಿಗಿ ಆ ಕಡೆ ಗಲ್ಲಿ ನೋಡೋಣು," ಅಂದರು.